ಗೇಣುದ್ದದ ಹೆಬ್ಬಾವು: ಪುಣೆಯ ಒಂದು ಪತ್ರಾ ಶೆಡ್ ವಸತಿಯ ಪ್ರಕರಣ

ಜೂನ್ ಮೊದಲ ವಾರದ ಒಂದು ರಾತ್ರಿ ಹನ್ನೊಂದೂವರೆ ಸುಮಾರಿಗೆ ಮುಕಾದಮರ (ಕೂಲಿಕಾರರ ಮೇಸ್ತ್ರಿಯ) ಫೋನ್ ಬಂತು. "ಸರ, ನಮ್ಮ ಹುಡುಗಗ ಸಂಜಿಮುಂದ ಹೆಬ್ಬಾವಿನ ಮರಿ ಕಡದದ್ರಿ. ದವಾಖಾನಿಗೆ ತೋರಿಸ್ಕೊಂಡ್ ಬಂದೀವಿ, ಏನೂ ಆಗಂಗಿಲ್ಲ ಅಂದಾರ. ಈಗ ನೋಡಿದ್ರ ಉಗುಳದಾಗ ರಕ್ತ ಬರ್ಲಕತ್ತದ."

ನಾನು ವಿಜಯಪುರದ ಕಡೆಯವನು. ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಕಾತ್ರಜ್ ಗುಡ್ಡದ ಬುಡದಲ್ಲಿ ಏಳುತ್ತಿರುವ ಕಟ್ಟಡವೊಂದರ ಹಿಂದೆ ನಲವತ್ತರಷ್ಟು ಪತ್ರಾ (ತಗಡಿನ) ಶೆಡ್‌ಗಳಿವೆ. ಅಲ್ಲಿರುವವರೆಲ್ಲ ಯಾದಗಿರಿ, ಶಹಾಪುರ, ಜೇವರ್ಗಿ ಕಡೆಯಿಂದ ಗಿಲಾವು, ಸೆಂಟ್ರಿಂಗ್ ಕೆಲಸಕ್ಕೆ ಬಂದವರು. ಭಾನುವಾರ ಅವರ ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡಲು ಹೋಗುತ್ತಿದ್ದುದರಿಂದ ನನ್ನ ನಂಬರ್ ಎಲ್ಲರ ಬಳಿಯೂ ಇತ್ತು.

"ಮರಿ ಎಷ್ಟುದ್ದ ಇತ್ತು?" ಎಂದು ಕೇಳಿದೆ.

"ಒಂದ್ ಗೇಣು ಇರಬೇಕ್ರಿ."

ಎದೆ ಧಸಕ್ಕೆಂದಿತು. ಗೇಣುದ್ದದ ಹೆಬ್ಬಾವು ಎಂಬುದು ಇಲ್ಲ. ಮೊಟ್ಟೆಯೊಡೆದು ಹೊರಬರುವ ದಿನವೇ ಹೆಬ್ಬಾವಿನ ಮರಿ ಒಂದೂವರೆ ಅಡಿಯ ಆಸುಪಾಸು ಇರುತ್ತದೆ. ಜೂನ್ ತಿಂಗಳಲ್ಲಿ, ಮೈಮೇಲೆ ಹೆಬ್ಬಾವಿನಂಥ ಕಂದು ಚಿತ್ತಾರ ಹೊತ್ತು ಗೇಣುದ್ದ ಮಾತ್ರ ಇರುವ ಹಾವೆಂದರೆ ಮೊದಲು ಅನುಮಾನಿಸಬೇಕಾದದ್ದು ಕೊಳಕುಮಂಡಲದ ಹಸಿ ಮರಿಯನ್ನು. ಇಡೀ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಹೇಳಬೇಕಾದದ್ದು ಇದೇ ಆದ್ದರಿಂದ ಮೊದಲೇ ಹೇಳಿಬಿಟ್ಟಿದ್ದೇನೆ.

ನಡೆದದ್ದು ಹೀಗೆ. ಹತ್ತೊಂಬತ್ತರ ಹುಡುಗ, ಊರಿನಲ್ಲಿ ಹೊಲದ ಹಾವುಗಳನ್ನು ಕಂಡವನೇ. ರಾತ್ರಿ ಎಂಟೂವರೆಗೆ ಶೆಡ್ಡಿನ ಬಾಗಿಲಲ್ಲಿ ಮರಿ ಕಂಡಿತು. ಹೆಬ್ಬಾವು, ವಿಷವಿಲ್ಲ, ಮಕ್ಕಳಿಗೆ ತೋರಿಸೋಣವೆಂದು ಹಿಡಿದು ಲೀಟರ್ ನೀರಿನ ಬಾಟಲಿಗೆ ತುಂಬಿಸುವಾಗ ಬಲಗೈ ತೋರುಬೆರಳಿಗೆ ಕಡಿಯಿತು. ಮುಕಾದಮರು ತಡಮಾಡದೆ ಹತ್ತಿರದ ಸಣ್ಣ ದವಾಖಾನೆಗೆ ಕರೆದೊಯ್ದರು. ಹೆಬ್ಬಾವು ಎಂಬುದನ್ನು ಮರಾಠಿಯಲ್ಲಿ 'ಅಜಗರ' ಎಂದರು. ಅಜಗರ ಎಂದ ಮೇಲೆ ಅಲ್ಲಿದ್ದವರು ಗಾಯ ತೊಳೆದು, ಟಿಟಿ ಚುಚ್ಚಿ, ಪಟ್ಟಿ ಕಟ್ಟಿ ಕಳಿಸಿದರು. ಅದೇ ಬಾಯಿಂದ 'ಘೋಣಸ' ಎಂಬ ಮಾತು ಬಂದಿದ್ದರೆ ಪುಣೆಯ ಯಾವ ಕಂಪೌಂಡರನೂ ಹಾಗೆ ಕಳಿಸುತ್ತಿರಲಿಲ್ಲ. ಕೊಳಕುಮಂಡಲಕ್ಕೆ ಮರಾಠಿಯಲ್ಲಿ ಘೋಣಸ ಎನ್ನುತ್ತಾರೆ. ಒಂದು ಹೆಸರು ತಪ್ಪಿದ್ದಕ್ಕೆ ಮೂರು ಗಂಟೆ ಹೋಯಿತು.

ಆದರೆ ಹೆಸರನ್ನಷ್ಟೇ ದೂರಿ ಫಲವಿಲ್ಲ. ಗಾಯವೂ ಮಾತಾಡುತ್ತಿತ್ತು, ನೋಡುವವರು ಬೇಕಿತ್ತು. ಹೆಬ್ಬಾವು ಕಚ್ಚಿದರೆ ಕಮಾನಿನಂತೆ ಸಾಲುಸಾಲು ಸಣ್ಣ ಗೀರು ಬೀಳುತ್ತವೆ. ಇವನ ಬೆರಳಿನಲ್ಲಿ ಇದ್ದದ್ದು ಹತ್ತಿರ ಹತ್ತಿರ ಎರಡೇ ಚುಕ್ಕೆ. ಅವೆರಡರಿಂದಲೂ ರಕ್ತ ಜಿನುಗುವುದು ನಿಂತಿರಲಿಲ್ಲ.

108 ಬರುವಷ್ಟರಲ್ಲಿ ನಾನೂ ತಲುಪಿದೆ. ಯಾರೋ ಬಾಟಲಿ ತಂದು ಕೈಗಿಟ್ಟರು. ಮೊಬೈಲ್ ಬೆಳಕಿನಲ್ಲಿ ನೋಡಿದೆ. ಮರಿ ನೆಟ್ಟಗೆ ಚಾಚಿಕೊಂಡಿತ್ತು. ಬಾಟಲಿಯ ತಳದಿಂದ ಕತ್ತಿನವರೆಗೆ ಕೂಡ ಬರುತ್ತಿರಲಿಲ್ಲ. ಬೆನ್ನ ಮೇಲೆ ಸರಪಳಿಯ ಕೊಂಡಿಗಳಂತೆ ಮೂರು ಸಾಲು ಅಂಡಾಕಾರದ ಕಂದು ಮಚ್ಚೆ, ಪ್ರತಿ ಮಚ್ಚೆಗೂ ಕಪ್ಪು ಅಂಚು, ಅದರ ಹೊರಗೆ ಬಿಳಿ ಎಳೆ. ಒಂದೊಂದು ಹುರುಪೆಯ ನಡುವೆಯೂ ಸಣ್ಣ ಏಣು, ಹಾಗಾಗಿ ಮೈಗೆ ಹೊಳಪಿಲ್ಲ. ಹೆಬ್ಬಾವಿನ ಮೈ ಎಣ್ಣೆ ಸವರಿದಂತೆ ಮಿರುಗುತ್ತದೆ, ಮಚ್ಚೆಗಳು ಹರಿದ ಬಟ್ಟೆಯ ತುಂಡುಗಳ ಹಾಗೆ ಒಂದೊಂದು ಒಂದೊಂದು ಆಕಾರ. ಇಷ್ಟು ಸಣ್ಣದಾದರೂ ಬಾಟಲಿ ಅಲುಗಿದೊಡನೆ ಮರಿ ಮೈ ಊದಿಸಿ ಬುಸುಗುಟ್ಟಿತು.

ಸರ್ಕಾರಿ ಆಸ್ಪತ್ರೆಯಲ್ಲಿದ್ದ ಕಿರಿಯ ವೈದ್ಯೆ ಬಾಟಲಿ ನೋಡಿದ ಕೂಡಲೆ 'ಘೋಣಸ' ಎಂದರು. ಅಷ್ಟಕ್ಕೇ ಔಷಧಿ ಶುರು ಮಾಡಲಿಲ್ಲ. ಹೊಸ, ಒಣಗಿದ ಗಾಜಿನ ನಳಿಕೆಯೊಂದರಲ್ಲಿ ಎರಡು ಮಿಲಿಲೀಟರ್ ರಕ್ತ ತೆಗೆದುಕೊಂಡು ಮೇಜಿನ ಸ್ಟ್ಯಾಂಡಿಗೆ ಇಟ್ಟರು. ಇಪ್ಪತ್ತು ನಿಮಿಷ ಯಾರೂ ಮುಟ್ಟುವ ಹಾಗಿಲ್ಲ. ಗಾಜೇ ಬೇಕು, ಏಕೆಂದರೆ ಗಾಜಿನ ಮೈ ತಾಗಿದರೆ ರಕ್ತ ಹೆಪ್ಪುಗಟ್ಟಲು ಆರಂಭಿಸುತ್ತದೆ. ಪ್ಲಾಸ್ಟಿಕ್ ನಳಿಕೆಯಾದರೆ ಒಳ್ಳೆಯ ರಕ್ತವೂ ತಡವಾಗಿ ಗಟ್ಟಿಯಾಗಿ ಫಲಿತಾಂಶ ತಪ್ಪಬಹುದು, ಸೋಪಿನಿಂದ ತೊಳೆದದ್ದಾದರೂ ತಪ್ಪಬಹುದು. ಆ ಇಪ್ಪತ್ತು ನಿಮಿಷ ಹುಡುಗನ ಅಣ್ಣ ಗಡಿಯಾರವನ್ನೇ ನೋಡುತ್ತ ಗೋಡೆಗೆ ಒರಗಿ ನಿಂತಿದ್ದ. ಸಮಯವಾದಾಗ ವೈದ್ಯೆ ನಳಿಕೆಯನ್ನು ಒಮ್ಮೆ ವಾಲಿಸಿದರು. ಗಟ್ಟಿಯಾಗಿದ್ದರೆ ಮೊಸರಿನಂತೆ ಒಂದೇ ಮುದ್ದೆಯಾಗಿ ಕೂತಿರಬೇಕಿತ್ತು. ರಕ್ತ ನೀರಿನಂತೆ ಅಂಚಿಗೆ ಹರಿದು ಬಂತು.

ಈ ಹಾವಿನ ವಿಷದ ವಿಚಿತ್ರ ಇಲ್ಲಿದೆ. ಅದು ರಕ್ತವನ್ನು ತೆಳ್ಳಗೆ ಮಾಡುವ ವಿಷವಲ್ಲ, ಹೆಪ್ಪುಗಟ್ಟಿಸುವ ವಿಷ. ನಮ್ಮ ರಕ್ತದಲ್ಲಿ ಗಾಯವಾದಾಗ ಒಂದರ ಹಿಂದೊಂದು ಎಚ್ಚರಗೊಳ್ಳುವ ಪ್ರೋಟೀನುಗಳ ಸರಣಿಯಿದೆ, ಅವಕ್ಕೆ ಅಂಶ 5, ಅಂಶ 10 ಎಂದು ಸಂಖ್ಯೆಯ ಹೆಸರುಗಳು. ಮಂಡಲದ ವಿಷದಲ್ಲಿರುವ ಕಿಣ್ವಗಳು ಇವೆರಡನ್ನೂ ನೇರವಾಗಿ ಕೆಣಕುತ್ತವೆ. ಗಾಯವೇ ಇಲ್ಲದೆ ಮೈತುಂಬ ಸಣ್ಣ ಸಣ್ಣ ಹೆಪ್ಪು ಹುಟ್ಟಿ ಕರಗುತ್ತ, ಹೆಪ್ಪಿಗೆ ಬೇಕಾದ ಸಾಮಗ್ರಿಯೆಲ್ಲ ಗಂಟೆಗಳಲ್ಲಿ ಖರ್ಚಾಗಿಬಿಡುತ್ತದೆ. ಆಮೇಲೆ ವಸಡಿನ ಕೂದಲೆಳೆಯಷ್ಟು ಬಿರುಕಿನಿಂದಲೂ ರಕ್ತ ನಿಲ್ಲುವುದಿಲ್ಲ. ಇದೇ ಗುಣವನ್ನು 1934ರಲ್ಲಿ ಲಂಡನ್ನಿನಲ್ಲಿ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಎಂಬಿಬ್ಬರು ತಿರುವಿ ಬಳಸಿದರು: ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗಿಗಳ ಗಾಯಕ್ಕೆ ಈ ವಿಷವನ್ನು ತೀರ ತೆಳು ಮಾಡಿ ಹಚ್ಚಿ ರಕ್ತ ನಿಲ್ಲಿಸಿದರು. ರಕ್ತದ ಕೆಲವು ದೋಷಗಳನ್ನು ಪತ್ತೆಹಚ್ಚುವ ಪ್ರಯೋಗಾಲಯ ಪರೀಕ್ಷೆಯೊಂದರಲ್ಲಿ ಇಂದಿಗೂ ಇದೇ ವಿಷ ಬಳಕೆಯಾಗುತ್ತದೆ.

ಹಾವಿಗೆ ಇಂಥ ವಿಷ ಬೇಕಾದದ್ದು ಇಲಿಗಾಗಿ. ಮಂಡಲ ಬೆನ್ನಟ್ಟಿ ಬೇಟೆಯಾಡುವ ಪ್ರಾಣಿಯಲ್ಲ. ಹಾದಿ ಬದಿ ಸುರುಳಿ ಸುತ್ತಿ ಕಾಯುತ್ತದೆ, ಕಡಿದು ಬಿಟ್ಟುಬಿಡುತ್ತದೆ. ಓಡಿದ ಇಲಿ ಕೆಲವೇ ಹೆಜ್ಜೆಗೆ ಬಿದ್ದಿರಬೇಕು, ನಾಲಗೆ ಚಾಚುತ್ತ ಅದರ ವಾಸನೆ ಹಿಡಿದು ಹೋದರೆ ಸಿಗಬೇಕು. ಮನುಷ್ಯ ಅದರ ಲೆಕ್ಕದಲ್ಲಿ ಇಲ್ಲ. ಆದರೂ ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂಬ ಅಂದಾಜಿದೆ. ಅದರಲ್ಲಿ ಮಂಡಲದ ಪಾಲು ದೊಡ್ಡದು.

ಹತ್ತು ವೈಲ್ ಪ್ರತಿವಿಷವನ್ನು ಸಲೈನಿನಲ್ಲಿ ಬೆರೆಸಿ ಒಂದು ಗಂಟೆಯಲ್ಲಿ ಏರಿಸಿದರು. ಮುಕಾದಮರಿಗೆ ಅನುಮಾನ. "ಇಷ್ಟ್ ಸಣ್ಣ ಮರಿಗಿ ಹತ್ತು ಸೀಸಾ ಯಾಕ್ರಿ ಸರ?" ಪ್ರಶ್ನೆ ಸರಿಯಾದದ್ದೇ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕಕ್ಕೂ ಸೇರಿ ಕುದುರೆಯ ರಕ್ತದಿಂದ ತಯಾರಾದದ್ದು. ಅದಕ್ಕೆ ಬೇಕಾದ ವಿಷದ ದೊಡ್ಡ ಪಾಲು ತಮಿಳುನಾಡಿನಲ್ಲಿ ಇರುಳರು 1978ರಲ್ಲಿ ಕಟ್ಟಿದ ಹಾವು ಹಿಡಿಯುವವರ ಸಹಕಾರ ಸಂಘದಿಂದ ಬರುತ್ತದೆ. ಹತ್ತು ಮಿಲಿಲೀಟರಿನ ಒಂದು ವೈಲ್ ಕೊಳಕುಮಂಡಲದ 6 ಮಿಲಿಗ್ರಾಂ ವಿಷವನ್ನು ಅಡಗಿಸುತ್ತದೆ. ದೊಡ್ಡ ಹಾವು ಒಂದು ಸಲಕ್ಕೆ ಸರಾಸರಿ 60 ಮಿಲಿಗ್ರಾಂ ಆಸುಪಾಸು ವಿಷ ಕೊಡಬಲ್ಲದು, ಹತ್ತರ ಲೆಕ್ಕ ಅಲ್ಲಿಂದ ಬಂದದ್ದು. ಮರಿಯ ಬಳಿ ವಿಷ ಕಡಿಮೆ ಇರುತ್ತದೆ, ಆದರೆ ಅದರ ಕಸುವು ಕಡಿಮೆಯಲ್ಲ. ವೈದ್ಯರು ಔಷಧಿ ಕೊಡುವುದು ಹಾವಿನ ಉದ್ದ ನೋಡಿ ಅಲ್ಲ, ನಳಿಕೆಯಲ್ಲಿ ಹರಿದ ರಕ್ತ ನೋಡಿ. ಮಕ್ಕಳಿಗೂ ದೊಡ್ಡವರಷ್ಟೇ ಕೊಡುತ್ತಾರೆ, ಒಳಹೊಕ್ಕ ವಿಷ ಮೈಯ ತೂಕ ಕೇಳುವುದಿಲ್ಲವಲ್ಲ.

ಅರ್ಧ ಸಲೈನ್ ಇಳಿಯುವಾಗ ಹುಡುಗನಿಗೆ ಚಳಿ ಹಿಡಿದು ಮೈಯೆಲ್ಲ ದದ್ದು ಎದ್ದಿತು. ಕುದುರೆಯ ಪ್ರೋಟೀನಿಗೆ ಕೆಲವರ ಮೈ ಹೀಗೆ ತಿರುಗಿ ಬೀಳುತ್ತದೆ. ನರ್ಸ್ ತಲೆದೆಸೆಯಲ್ಲೇ ಅಡ್ರಿನಲಿನ್ ತುಂಬಿಟ್ಟಿದ್ದರು, ಹತ್ತು ನಿಮಿಷದಲ್ಲಿ ಹಿಡಿತಕ್ಕೆ ಬಂತು. ಸಣ್ಣ ಕ್ಲಿನಿಕ್ಕಿನಲ್ಲಿ ಪ್ರತಿವಿಷ ಇದ್ದರೂ ಸಾಲದು, ಇಂಥ ನರ್ಸ್ ಇರಬೇಕು. ಆರು ಗಂಟೆಯ ನಂತರದ ನಳಿಕೆಯಲ್ಲೂ ರಕ್ತ ಹರಿಯಿತು, ಇನ್ನೂ ಹತ್ತು ವೈಲ್ ಏರಿತು. ಮಧ್ಯಾಹ್ನದ ನಳಿಕೆಯನ್ನು ವೈದ್ಯೆ ತಲೆಕೆಳಗು ಮಾಡಿ ನಮ್ಮ ಕಣ್ಣೆದುರು ಹಿಡಿದರು. ಹೆಪ್ಪು ತಳಕ್ಕೆ ಅಂಟಿಕೊಂಡೇ ಇತ್ತು. ಅಣ್ಣ ಆಗ ಅತ್ತ. ಮೂತ್ರ ಒಂದು ದಿನ ಕಡಿಮೆಯಾಗಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಏರಿ, ಡಯಾಲಿಸಿಸ್ ಇಲ್ಲದೆಯೇ ಇಳಿಯಿತು. ಆರನೆಯ ದಿನ ಮನೆಗೆ ಕಳಿಸಿದರು.

ಇನ್ನು ವಸತಿಯ ಕಥೆ. ಕಡಿತದ ಮರುದಿನ ಬೆಳಿಗ್ಗೆಯೇ ಆಸ್ಪತ್ರೆಯಿಂದ ನೇರ ಅಲ್ಲಿಗೆ ಹೋಗಿದ್ದೆ. ಹಸಿ ಮರಿ ಒಂದೇ ಇರುವುದು ಸಾಧ್ಯವಿರಲಿಲ್ಲ. ಕೊಳಕುಮಂಡಲ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಒಂದು ಬಸುರಿಗೆ ಇಪ್ಪತ್ತರಿಂದ ನಲವತ್ತು ಮರಿ ಸಾಮಾನ್ಯ, ಅರವತ್ತು ದಾಟಿದ ದಾಖಲೆಯೂ ಇದೆ. ಅಷ್ಟೂ ಮರಿಗಳು ಮಕ್ಕಳು ನೆಲದ ಮೇಲೆ ಮಲಗುವ ಶೆಡ್ಡುಗಳ ನಡುವೆ ಎಲ್ಲೋ ಇದ್ದವು.

ಒಬ್ಬ ಆಯಿ, ಎಂಬತ್ತರ ಹತ್ತಿರದವರು, ಬಾಟಲಿ ನೋಡಿ ಒಂದೇ ಮಾತಿಗೆ ಹೇಳಿದರು. "ಇದು ಹೆಬ್ಬಾವಲ್ಲ ಮಾಸ್ತರ, ಮಂಡಲ. ನಮ್ಮಪ್ಪನ ಕಾಲು ಕೊಳತದ್ದು ಇದರಿಂದಾನೇ." ಕಡಿದ ಜಾಗ ಕೊಳೆಯುತ್ತದೆ ಎಂದೇ ಇದಕ್ಕೆ ಕೊಳಕುಮಂಡಲವೆನ್ನುವುದೆಂದು ನಮ್ಮ ಕಡೆ ಹೇಳುತ್ತಾರೆ. ಆಯಿಯನ್ನು ಹಿಂದಿನ ರಾತ್ರಿ ಯಾರೂ ಎಬ್ಬಿಸಿ ಕೇಳಿರಲಿಲ್ಲ.

ಆಗ ಹೆಂಗಸರ ಬಾಯಿಂದ ಒಂದೊಂದೇ ಮಾತು ಹೊರಬಿತ್ತು. ಸಂಕ್ರಾಂತಿ ಹೊತ್ತಿನಿಂದ ಶೆಡ್ಡಿನ ಹಿಂದಿನ ಫರಸಿ (ನೆಲಹಾಸಿನ ಕಲ್ಲುಚಪ್ಪಡಿ) ರಾಶಿಯ ಮೇಲೆ ಒಂದು 'ಹೆಬ್ಬಾವು' ಬೆಳಗಿನ ಬಿಸಿಲಿಗೆ ಸುರುಳಿ ಸುತ್ತಿ ಮಲಗುತ್ತಿತ್ತಂತೆ. ದಿನವೂ ಅದೇ ಕಲ್ಲು. ಹತ್ತಿರ ಹೋದರೆ ಸ್ಟೋವಿಗೆ ಹವಾ ಹೊಡೆದಂತೆ ಸದ್ದು. ಇಲಿ ತಿನ್ನುತ್ತದೆ, ಪಾಪದ್ದು, ಇರಲಿ ಎಂದು ಬಿಟ್ಟಿದ್ದರು. ಮಕ್ಕಳನ್ನು ಮಾತ್ರ ಆ ಕಡೆ ಬಿಡುತ್ತಿರಲಿಲ್ಲ. ತಪ್ಪು ಹೆಸರಿನಿಂದಲೇ ಆದರೂ ಐದು ತಿಂಗಳು ಹಾವೂ ಬದುಕಿತು, ಜನವೂ ಬದುಕಿದರು. ಅವರು ಅದನ್ನು ಬಡಿಯದೆ ಬಿಟ್ಟದ್ದು ತಪ್ಪೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ತಪ್ಪಾದದ್ದು ಕೈ ಹಾಕಿದಾಗ.

ಒಂದೇ ಕಲ್ಲಿನ ಮೇಲೆ ಐದು ತಿಂಗಳು ಯಾಕೆ? ಹಾವಿನ ಮೈ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಬಿಸಿಯನ್ನು ಹೊರಗಿನಿಂದ ತರಬೇಕು. ಬೇರೆ ದಿನಗಳಲ್ಲಿ ಸ್ವಲ್ಪ ತಣ್ಣಗಿದ್ದರೂ ನಡೆಯುತ್ತದೆ, ಜೀರ್ಣ ನಿಧಾನವಾಗುತ್ತದೆ, ಅಷ್ಟೆ. ಗಬ್ಬದ ಹಾವಿಗೆ ಆ ಸಡಿಲಿಕೆ ಇಲ್ಲ. ಮಂಡಲಗಳು ಚಳಿಗಾಲದ ಹೊತ್ತಿಗೆ ಕೂಡುತ್ತವೆ, ಮರಿಗಳು ಆರು ತಿಂಗಳಿಗೂ ಹೆಚ್ಚು ಕಾಲ ಒಡಲೊಳಗೆ ಬೆಳೆದು ಮೇ-ಜುಲೈ ನಡುವೆ ಹೊರಬರುತ್ತವೆ. ಮರಿಗೆ ಆಹಾರ ಅದರ ಜೊತೆಗಿರುವ ಹಳದಿ ಲೋಳೆಯ ಭಂಡಾರದಿಂದ ಸಿಗುತ್ತದೆ, ಗಾಳಿ ಮತ್ತು ನೀರು ತೆಳು ಪೊರೆಗಳ ಮೂಲಕ ತಾಯಿಯಿಂದ. ಶಾಖ ಮಾತ್ರ ತಾಯಿ ಹುಡುಕಿ ತರಬೇಕು. ಅದು ತಪ್ಪಿದರೆ ಬೆಳವಣಿಗೆ ಕುಂಟುತ್ತದೆ. ಹೆಣ್ಣು ಹೆಬ್ಬಾವು ಮೊಟ್ಟೆಗಳ ಸುತ್ತ ಸುರುಳಿ ಹಾಕಿ ಮಾಂಸಖಂಡ ನಡುಗಿಸಿ ಶಾಖ ಕೊಡಬಲ್ಲದು. ಮಂಡಲಕ್ಕೆ ಆ ವಿದ್ಯೆಯಿಲ್ಲ. ಅದು ತಾನೇ ಗೂಡಾಗಿ ಬಿಸಿಲಿದ್ದ ಕಡೆ ಸರಿಯುತ್ತದೆ.

ಪುಣೆಯ ಚಳಿಗಾಲದಲ್ಲಿ ರಾತ್ರಿ ಹತ್ತು ಡಿಗ್ರಿಗೆ ಇಳಿಯುವುದು ಹೊಸದಲ್ಲ, ಹಗಲು ಮೂವತ್ತರ ಹತ್ತಿರ ಬಿಸಿಲು. ಆ ರಾಶಿಯಲ್ಲಿದ್ದದ್ದು ಶಹಾಬಾದ್ ಫರಸಿ, ಇವರದೇ ಕಡೆಯ ಸುಣ್ಣಗಲ್ಲು, ಇವರ ಹಿಂದೆಯೇ ಲಾರಿ ಹತ್ತಿ ಬಂದದ್ದು. ಒಂದರ ಮೇಲೊಂದು ಪೇರಿಸುವಾಗ ಮುರಿಯದಿರಲೆಂದು ನಡುವೆ ಚೂರುಗಲ್ಲು ಇಡುತ್ತಾರೆ, ಆದ್ದರಿಂದ ಎರಡು ಬೆರಳಗಲದ ಸಂದುಗಳು. ಹಗಲೆಲ್ಲ ಕಾದ ಕಲ್ಲು ನಡುರಾತ್ರಿಯವರೆಗೂ ಬಿಸಿ ಬಿಡುತ್ತದೆ. ಹಗಲು ಮೇಲೆ ಬಿಸಿಲು, ರಾತ್ರಿ ಒಳಗೆ ಬೆಚ್ಚನೆಯ ಸಂದು. ಸುತ್ತ ಗುಡ್ಡದ ಹುಲ್ಲು, ಎಸೆದ ಅನ್ನಕ್ಕೆ ಬರುವ ಇಲಿ ಹೆಗ್ಗಣ. ಗಬ್ಬದ ಹಾವಿಗೆ ಇದಕ್ಕಿಂತ ಒಳ್ಳೆಯ ಜಾಗ ಆ ಗುಡ್ಡದಲ್ಲೂ ಇದ್ದಿರಲಿಕ್ಕಿಲ್ಲ.

ಇಷ್ಟು ತಿಳಿದ ಮೇಲೆ ಹುಡುಕುವುದು ಕಷ್ಟವಾಗಲಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ, ಇಬ್ಬರು ನುರಿತ ಸರ್ಪಮಿತ್ರರನ್ನು ಕರೆಸಿದೆವು. ರಾಶಿಯ ಬುಡದಲ್ಲೇ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಗೇಣುದ್ದದ ಪೊರೆಗಳು ಸಿಕ್ಕಿಬಿದ್ದಿದ್ದವು. ಹುಟ್ಟಿದ ಕೆಲದಿನದಲ್ಲೇ ಮರಿಗಳು ಮೊದಲ ಪೊರೆ ಬಿಡುತ್ತವೆ. ಕಬ್ಬಿಣದ ಕೊಕ್ಕೆಯಿಂದ ಒಂದೊಂದೇ ಫರಸಿ ಎತ್ತುತ್ತ ಹೋದರು. ನಾಲ್ಕನೆಯ ಪದರದ ಕೆಳಗೆ ತಾಯಿ ಇತ್ತು, ಮೂರೂವರೆ ಅಡಿಯದು. ಪಕ್ಕೆಯ ಚರ್ಮ ಖಾಲಿ ಚೀಲದಂತೆ ಮಡಿಕೆ ಬಿದ್ದಿತ್ತು, ಬೆನ್ನೆಲುಬಿನ ಗೆರೆ ಎದ್ದು ಕಾಣುತ್ತಿತ್ತು. ಗಬ್ಬದ ಕೊನೆ ದಿನಗಳಲ್ಲಿ ಈ ಹಾವುಗಳು ತಿನ್ನುವುದು ತೀರ ಕಡಿಮೆ. ಹೆರಿಗೆಯಾಗಿ ಸುಮಾರು ಒಂದು ವಾರವಾಗಿತ್ತು ಎಂದು ನನ್ನ ಅಂದಾಜು. ಅದು ಓಡಲು ನೋಡಲಿಲ್ಲ. ಸುರುಳಿ ಬಿಗಿಮಾಡಿ ಉಸಿರು ಒಳಗೆ-ಹೊರಗೆ ಎರಡೂ ಕಡೆ ಸದ್ದು ಮಾಡುತ್ತ ಇತ್ತು.

ನಾಲ್ಕು ದಿನದಲ್ಲಿ ಬಾಟಲಿಯದೂ ಸೇರಿ ಇಪ್ಪತ್ತಾರು ಮರಿ ಸಿಕ್ಕವು. ಹೆಚ್ಚಿನವು ರಾಶಿಯಲ್ಲೇ, ಉಳಿದವು ಆರು ಶೆಡ್ಡುಗಳ ಬುಡದಲ್ಲಿ. ಆ ಆರೂ ರಾತ್ರಿ ದೀಪ ಉರಿಯುವ ಶೆಡ್ಡುಗಳೇ. ದೀಪಕ್ಕೆ ಹುಳ, ಹುಳಕ್ಕೆ ಹಲ್ಲಿ, ಹಲ್ಲಿಗೆ ಮರಿ. ದೊಡ್ಡದಾದ ಮೇಲೆ ಇಲಿ ಹಿಡಿಯುವ ಈ ಹಾವು ಮರಿಯಿದ್ದಾಗ ಹಲ್ಲಿ, ಹಾವುರಾಣಿಗಳನ್ನು ಹುಡುಕುತ್ತದೆ. ಗುತ್ತಿಗೆದಾರರ ಮನುಷ್ಯ ಸುತ್ತಲೂ ಫಿನೈಲ್ ಸುರಿಸಲು ಡಬ್ಬಿ ತಂದಿದ್ದ. ಫಿನೈಲಿಗೆ ಹಾವು ನಿಲ್ಲುವುದಿಲ್ಲ. ಸೀಮೆಎಣ್ಣೆ ಹೊಡೆದರೆ ಇದ್ದ ಸಂದಿನಿಂದ ಹೊರಬಿದ್ದು ಹಾಸಿಗೆ ಕಡೆ ಬರಬಹುದು. ಆ ದುಡ್ಡಿನಲ್ಲಿ ರಾತ್ರಿ ಓಡಾಡಲು ಹತ್ತು ಬ್ಯಾಟರಿ (ಟಾರ್ಚ್) ತಂದುಕೊಡಿ ಎಂದೆವು, ತಂದ.

ಹಾವುಗಳನ್ನು ಎಲ್ಲಿ ಬಿಡುವುದು ಎಂಬ ಬಗ್ಗೆ ವಾದವಾಯಿತು. ದೂರದ ಕಾಡಿಗೆ ಒಯ್ಯಿರೆಂದು ಜನ ಕೂಗಿದರು, ಅದು ಸಹಜವೇ. ಆದರೆ ಹಾವಿಗೆ ತನ್ನ ವಠಾರದ ಬಿಲ, ನೀರು, ಬಿಸಿಲುಗಲ್ಲು ಗೊತ್ತಿರುತ್ತವೆ. ಗುರುತಿಲ್ಲದ ಜಾಗದಲ್ಲಿ ಬಿಟ್ಟರೆ ಅಲೆಯುತ್ತದೆ, ಅಲೆಯುವ ಹಾವು ರಸ್ತೆಯಲ್ಲಿ ಸಾಯುತ್ತದೆ, ಇಲ್ಲವೆ ಇನ್ನೊಬ್ಬರ ಅಂಗಳ ಸೇರುತ್ತದೆ. ಅರಣ್ಯ ಸಿಬ್ಬಂದಿ ಅದೇ ಗುಡ್ಡದ ಮೇಲಿನ ಮನೆಗಳಿಲ್ಲದ ಕುರುಚಲಿಗೆ ಒಯ್ದು ಬಿಟ್ಟರು. ಆ ಇಪ್ಪತ್ತಾರರಲ್ಲಿ ಮರಿ ಹಾಕುವ ವಯಸ್ಸು ಮುಟ್ಟುವುದು ಒಂದೋ ಎರಡೋ. ಉಳಿದವನ್ನು ಮುಂಗುಸಿ, ಕೆಂಬೂತ, ನವಿಲು ನೋಡಿಕೊಳ್ಳುತ್ತವೆ.

ವಸತಿಯಲ್ಲಿ ಮಾಡಿದ್ದು ದೊಡ್ಡದೇನಲ್ಲ. ಉಳಿದ ಫರಸಿಯನ್ನು ಶೆಡ್ಡಿನಿಂದ ಮೂವತ್ತು ಹೆಜ್ಜೆ ಆಚೆ, ಮೊಣಕಾಲೆತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಅನ್ನ ಎಸೆಯಲು ಮುಚ್ಚಳದ ಡ್ರಮ್ ಬಂತು. ಮಲಗುವಾಗ ಸೊಳ್ಳೆಪರದೆಯ ಅಂಚನ್ನು ಚಾಪೆಯಡಿ ಸಿಕ್ಕಿಸುವುದನ್ನು ಆಯಿಯೇ ಮನೆಮನೆಗೆ ಹೋಗಿ ಹೇಳಿದರು. ಭಾನುವಾರದ ಅಕ್ಷರ ಪಾಠದಲ್ಲಿ ನಾನು ನಾಲ್ಕು ಹಾವುಗಳ ಹೆಸರನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆಸಿದೆ. ಕೊಳಕುಮಂಡಲ, ಘೋಣಸ. ಮಕ್ಕಳು ಅದನ್ನು ಇದ್ದಿಲಿನಿಂದ ಪತ್ರಾಗಳ ಮೇಲೆಲ್ಲ ಬರೆದರು.

ಜನವರಿಯಲ್ಲಿ ಒಮ್ಮೆ ಕಾಲೇಜಿನ ಶಾಖಮಾಪಕ ತೆಗೆದುಕೊಂಡು ರಾತ್ರಿ ಹತ್ತಕ್ಕೆ ಹೋದೆ, ನನ್ನ ತರ್ಕ ಸರಿಯೋ ಎಂದು ನೋಡಬೇಕಿತ್ತು. ಆ ಹುಡುಗನೇ ಬ್ಯಾಟರಿ ಹಿಡಿದು ಬಂದ. ನೆಲ 15 ಡಿಗ್ರಿ ತೋರಿಸಿತು, ಫರಸಿಯ ಸಂದು 22. ಅಂಕಿ ಓದಿ ಹೇಳಿದಾಗ ಅವನಿಗೆ ನಂಬಿಕೆ ಬರಲಿಲ್ಲ. ಸಂದಿಗೆ ಮೊದಲು ಬೆಳಕು ಹಾಯಿಸಿ, ಬಗ್ಗಿ ಆಚೆ ತುದಿಯವರೆಗೂ ನೋಡಿದ. ಆಮೇಲೆ ಕಪ್ಪಾಗಿ ಗಟ್ಟಿಯಾದ ತೋರುಬೆರಳಿನ ಬಲಗೈಯನ್ನು ಹಿಂದೆ ಕಟ್ಟಿಕೊಂಡು, ಎಡಗೈ ಅಂಗೈಯನ್ನು ಮೇಲಿನ ಕಲ್ಲಿನ ಮೇಲೆ ಒತ್ತಿ ಇಟ್ಟ.

"ಇನ್ನಾ ಬೆಚ್ಚಗ ಅದರೀ ಸರ," ಎಂದ.